ಮೂವತ್ತೇಳನೆಯ ಪುಟ

ವಾರ್ಡೊ ಬಂದರಿನ ಗ್ರಂಥಾಲಯ. ಸೂರ್ಯ
ಎರಡು ತಿಂಗಳ ರಜೆ ಮುಗಿಸಿ ಬಂದದ್ದು ಮೊನ್ನೆ.
ಐದು ಜನ, ಮೂರು ಪ್ರತಿ, ಒಂದು ಕಾದಂಬರಿ:
ವಿಯೆಟ್ನಾಮಿನದು, ನಾರ್ವೆಯ ಮಾತಿಗೆ ಇಳಿದದ್ದು.

"ಉಬ್ಬರದ ಲೆಕ್ಕ ಆರು ತಾಸು ತಪ್ಪಿದೆ," ಅಂದ
ನಲವತ್ತು ವರ್ಷ ಹಡಗು ನಡೆಸಿದ ತೋರ್ಗೇರ್.
ಓಡ್ರುನ್ ಎರಡು ಸಲ ಓದಿ ಎರಡು ಸಲವೂ ಅತ್ತವಳು,
ಯಾಕೆಂದರೆ ಪುಟ ಹುಡುಕುತ್ತಾಳೆ.
ಮೇಷ್ಟ್ರು ಐವಿಂಡ್‌ಗೆ ವಾಕ್ಯಗಳೆಲ್ಲ ಗಂಜಿ ಹಾಕಿದ ಅಂಗಿ:
"ತಪ್ಪು ಬರೆದವಳದೋ, ತಂದವಳದೋ?"
ತಂದವಳ ಹೆಸರು ಯಾರಿಗೂ ನೆನಪಿಲ್ಲ.
ರಾಗ್ನಿ ನಲವತ್ತಕ್ಕೇ ನಿಲ್ಲಿಸಿದ್ದಳು:
"ಬರೀ ತಿನ್ನುತ್ತಾರಪ್ಪ."

ಮೂವತ್ತೇಳರಲ್ಲಿ, ಮಣ್ಣು ಮುಗಿಸಿ ಬಂದ ಹುಡುಗಿ
ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ತಿನ್ನುತ್ತಾಳೆ.
"ಪ್ರತಿಮೆ," ಅಂದರು ಮೇಷ್ಟ್ರು. "ಹಣ್ಣಾಗದ ದುಃಖ."
"ತನಗೆ ತಾನೇ ಶಿಕ್ಷೆ," ಹೆಣಿಗೆ ಬಿಡದ ಗ್ರಂಥಪಾಲಕಿ.
"ಹಸಿವು," ತೋರ್ಗೇರ್, ಕೋಟು ಹುಡುಕುತ್ತ.

ಮುಂದಿನ ತಿಂಗಳು ಪತ್ತೇದಾರಿ ಇರಲಿ ಎಂಬುದೊಂದಕ್ಕೆ
ಎಲ್ಲರದೂ ಒಂದೇ ಮಾತು.

ರಾತ್ರಿ ರಾಗ್ನಿ, ಪರದೆ ಎಳೆದು,
ಹಸಿರು ಸೇಬು ಹೆಚ್ಚಿ, ಉಪ್ಪು ಸವರಿ,
ಪಿಜ್ಜಾ ಜೊತೆ ಬಂದ ಪೊಟ್ಟಣದ ಖಾರ ಉದುರಿಸಿ
ಕಚ್ಚಿದಳು.
ಒಂದು ಕಣ್ಣು ತಾನಾಗಿ ಮುಚ್ಚಿತು.
ಹಲ್ಲು ಜುಮ್ಮೆಂದಿತು.
ದುಃಖ ಇದರಲ್ಲಿ ಎಲ್ಲಿದೆಯೆಂದು
ಇನ್ನೊಂದು ಹೋಳು ಬಾಯಿಗಿಟ್ಟು
ಹುಡುಕಿದಳು.