ಎರಡು ಬೆರಳು ಖಾಲಿ

ಉಲಾನ್‌ಬಾತರ್‌ನಲ್ಲಿ ಚಳಿಯನ್ನು ಒಂಬತ್ತರ ಲೆಕ್ಕದಲ್ಲಿ ಎಣಿಸುತ್ತೇವೆ.
ಒಂಬತ್ತು ದಿನಕ್ಕೊಂದು ಮೆಟ್ಟಿಲು, ಅಂಥವು ಒಂಬತ್ತು.
ಇದು ಮೂರನೆಯದು:
ಮೂರು ವರ್ಷದ ಹೋರಿಯ ಕೊಂಬು ಮರಗಟ್ಟುವ ಒಂಬತ್ತು.
ಹೋರಿಯ ಸುದ್ದಿ ನನಗೆ ಗೊತ್ತಿಲ್ಲ.
ಉಗ್ರಾಣದ ಕಿಟಕಿಯಲ್ಲಿ ಕೂತವಳು
ನಾನು ನೋಡುವುದು ಕಿವಿಗಳನ್ನು.

ಬೆಳಗಿನ ಪಾಳಿ ಸಾಲಾಗಿ ಬಂದು
ಸಹಿ ಹಾಕಿ ಹೆಲ್ಮೆಟ್ಟು ಒಯ್ಯುತ್ತದೆ.
ಹಳದಿ ಕಲ್ಲಿದ್ದಲಿನವರಿಗೆ, ನೀಲಿ ಕೊಳವೆಯವರಿಗೆ,
ಬಿಳಿ, ಯಾರನ್ನು ಬೇಕಾದರೂ ಬೈಯಬಲ್ಲವರಿಗೆ.
ಒಳಗೆ ಮನೆಯಿಂದ ಬಂದದ್ದು ಏನೇನೋ.
ಒಂಟೆಯುಣ್ಣೆ, ಹೆಂಡತಿಯ ಶಾಲು, ಸ್ವೆಟರಿನ ತೋಳು,
ಒಬ್ಬನದಂತೂ ಮಗಳ ಉದ್ದನೆಯ ಕಾಲುಚೀಲ,
ಸೀಳಿ ಹೊಲಿದದ್ದು, ಇನ್ನೂ ಮೊಲದ ಚಿತ್ರವಿದೆ.

ನಿಯಮ ಹೇಳುವುದು ನನ್ನ ಕೆಲಸ. ಹೇಳುತ್ತೇನೆ.
ಚಿಪ್ಪಿಗೂ ತಲೆಗೂ ನಡುವೆ
ಎರಡು ಬೆರಳಷ್ಟು ಖಾಲಿ ಬಿಡಿ.
ಮೇಲಿಂದ ಬಿದ್ದ ಪೆಟ್ಟು ಆ ಖಾಲಿಯಲ್ಲೇ ಸಾಯಬೇಕು.
ಅದನ್ನು ತುಂಬಿಸಿಬಿಟ್ಟರೆ
ಸಾಯಲು ಜಾಗ ಹುಡುಕಿಕೊಂಡು
ನಿಮ್ಮೊಳಗೆ ಬರುತ್ತದೆ.

ಪುರೆವ್‌ಜಾವ್ ನಕ್ಕ: "ಅಕ್ಕಾ,
ಖಾಲಿ ಜಾಗಕ್ಕೆ ಮೊದಲು ಬರುವುದು ಪೆಟ್ಟಲ್ಲ, ಗಾಳಿ."

ಅವನ ಟೋಪಿ ಗೋಬಿಯಲ್ಲಿ ಅವನ ತಾಯಿ ಹೆಣೆದದ್ದು.
ಕಂಬಳಿಯಷ್ಟು ದಪ್ಪ, ನೆತ್ತಿಯ ಮೇಲೊಂದು ಗೊಂಡೆ ಬೇರೆ.
ಹೆಲ್ಮೆಟ್ಟಿನ ಹಿಂದಿನ ತಿರುಪನ್ನು
ಅಕ್ಟೋಬರಿನಲ್ಲಿ ನಾಲ್ಕು ಟಕ್ ಸಡಿಲಿಸುತ್ತಾನೆ,
ಏಪ್ರಿಲ್‌ನಲ್ಲಿ ನಾಲ್ಕು ಟಕ್ ಬಿಗಿ.
ಅಷ್ಟೇ ಅವನ ಚಳಿಗಾಲ.
ಈ ಸಲ ಐದನೆಯ ಟಕ್ ಬೇಕಿತ್ತು, ತಿರುಪಿನಲ್ಲಿರಲಿಲ್ಲ.
ಒಲೆಯ ಮೇಲೆ ಅಡ್ಡಾದಿಡ್ಡಿ ಇಟ್ಟ ಪಾತ್ರೆಯಂತೆ
ಹೆಲ್ಮೆಟ್ಟು ಅವನ ತಲೆಯ ಮೇಲೆ ಅಲುಗಾಡುತ್ತಿತ್ತು.

ಕಂಪನಿ ಕೊಟ್ಟ ಕರಿಯ ಬಟ್ಟೆ ಈರುಳ್ಳಿ ಸಿಪ್ಪೆ.
ಅದನ್ನು ಕಟ್ಟಿಕೊಂಡು ಬೋಗಿಗಳ ಮೇಲೆ ಹತ್ತಿ
ಹೆಪ್ಪುಗಟ್ಟಿದ ಕಲ್ಲಿದ್ದಲನ್ನು ಹಾರೆಯಲ್ಲಿ ಒಡೆಯುತ್ತಾರೆ.
ಅದು ಉರಿದು, ನೀರು ಕಾದು, ಕೊಳವೆಯಲ್ಲಿ ಹರಿದು
ಹನ್ನೆರಡನೆಯ ಮಹಡಿಯಲ್ಲಿ ಯಾರೋ
ಸೆಕೆಯೆಂದು ಕಿಟಕಿ ತೆರೆಯುತ್ತಾರೆ.

ಒಂದು ಸಂಜೆ ಟೋಪಿಯನ್ನು ಕಟ್ಟೆಗೆ ಎಸೆದ.
"ನೀನೇ ಏನಾದರೂ ಮಾಡು. ಅಮ್ಮನಿಗೆ ಹೇಳಬೇಡ."

ರಾತ್ರಿ ಪಾಳಿ. ಉಪ್ಪು ಚಹಾ ಎರಡು ಲೋಟ.
ಗೊಂಡೆ ಕತ್ತರಿಸುವಾಗ ಕೈ ನಡುಗಿತು, ಸುಳ್ಳು ಯಾಕೆ.
ನೆತ್ತಿಯಿಂದ ಬಿಚ್ಚತೊಡಗಿದೆ. ಎಷ್ಟು ಬಿಗಿ ಹೆಣಿಗೆ!
ಮುದುಕಿ ಪ್ರತಿ ಹೊಲಿಗೆಯಲ್ಲೂ
ಗಾಳಿಯ ಮೂಗಿಗೇ ಸೂಜಿ ಚುಚ್ಚಿದ್ದಾಳೆ.
ಕಿವಿಗೆ, ಕುತ್ತಿಗೆಗೆ ಅವಳ ಕೈಯನ್ನು ಹಾಗೇ ಉಳಿಸಿದೆ.
ನೆತ್ತಿಗೆ ನನ್ನದು,
ಜರಡಿಯಂತೆ, ಇದ್ದೂ ಇಲ್ಲದ ಹಾಗೆ.

ಮೊನ್ನೆ ಕನ್ವೇಯರಿನಿಂದ ಕಲ್ಲಿದ್ದಲ ಗಟ್ಟಿ ಜಾರಿತು.
ಅವನೇ ನಡೆದು ಬಂದ,
ಹೊಸ ಹೆಲ್ಮೆಟ್ಟು ಕೇಳಲು.
ಪೆಟ್ಟು ತಿಂದದ್ದನ್ನು ಮತ್ತೆ ಕೊಡುವಂತಿಲ್ಲ,
ಗರಗಸ ಹಿಡಿದು ಅವನೆದುರೇ ಸೀಳಿದೆ.
ಟೋಪಿ ತೆಗೆಯಲು ಹೇಳಿದೆ: ನೆತ್ತಿ ಕೆಂಪಗೆ, ಅಷ್ಟೇ.
ಕಿವಿಗಳೆರಡೂ ಇದ್ದವು, ಎಡಗಿವಿಯ ತುದಿ ಮಾತ್ರ
ಹಳೆಯ ಯಾವುದೋ ಚಳಿಗಾಲಕ್ಕೆ ಕಪ್ಪು.

ಅಷ್ಟರಲ್ಲಿ ಫೋನು. ತಾಯಿ.
"ಬೆಚ್ಚಗಿದೆಯೇನೋ ಟೋಪಿ?"
"ಬೆಚ್ಚಗಿದೆಯಮ್ಮ."
ನನ್ನ ಕಡೆ ನೋಡಲಿಲ್ಲ.

ಬಿಚ್ಚಿದ ಉಣ್ಣೆ ಮೇಜಿನ ಖಾನೆಯಲ್ಲಿದೆ,
ಮುಷ್ಟಿಯಷ್ಟು ಉಂಡೆ, ಒಂಟೆಯ ವಾಸನೆ.
ಕೊಟ್ಟದ್ದಕ್ಕೆ, ಪಡೆದದ್ದಕ್ಕೆ, ಒಡೆದದ್ದಕ್ಕೆ ಫಾರಂ ಉಂಟು,
ಇದಕ್ಕಿಲ್ಲ.
ನಾಳೆಯಿಂದ ನಾಲ್ಕನೆಯ ಒಂಬತ್ತು,
ಮೊಲದ ಕಾಲುಚೀಲದವನನ್ನು ನಿಲ್ಲಿಸಿ
ತಲೆಯ ಅಳತೆ ಕೇಳಬೇಕು.