ಪಾಕ

ಅಂಗಡಿಯವನು ಕೊಟ್ಟದ್ದು ಒಂದು ಸೈಜು ದೊಡ್ಡದು.
"ಬೆಳೆಯುವ ಮಗುವಲ್ಲವಾ ಟೀಚರೇ, ಎರಡು ವರ್ಷವಾದರೂ ಬರಬೇಡವಾ?"
ಹೌದೆಂದು ಹಣ ಕೊಟ್ಟೆ.
ನಾನು ಬೆಳೆದದ್ದೇ ಹಾಗೆ:
ಲಂಗದ ಅಂಚಿನಲ್ಲಿ ಮೂರು ಮಡಿಕೆ, ವರ್ಷಕ್ಕೊಂದು ಬಿಚ್ಚಲು,
ಬಿಚ್ಚಿದಲ್ಲೆಲ್ಲ ಬಿಸಿಲು ಕಾಣದ ಬಣ್ಣದ ಒಂದು ಪಟ್ಟಿ;
ಚಪ್ಪಲಿಯ ಹಿಂದೆ ಹೆಬ್ಬೆರಳು ಹಿಡಿಸುವಷ್ಟು ಜಾಗ;
ಅಜ್ಜಿಯ ಉಂಗುರಕ್ಕೆ ಸುತ್ತಿ ಸುತ್ತಿ ಕಪ್ಪಾದ ನೂಲು.
ಬರಲಿರುವ ಮೈಗೆ ಹೊಲಿಸಿದ್ದನ್ನು
ಇದ್ದ ಮೈಗೆ ಹಾಕಿಕೊಂಡು ಓಡಾಡಿದ್ದೆ.

ಡಬ್ಬಿಯ ಮೇಲೆ ಸೂಚನೆ ಇತ್ತು. ಇಂಗ್ಲಿಷು, ಹಿಂದಿ, ಮಲಯಾಳ.
ಕಾಸರಗೋಡಿಗೆ ಇಷ್ಟು ಸಾಕೆಂದು ಯಾರೋ ಲೆಕ್ಕ ಹಾಕಿದ್ದಾರೆ.
ಜಗಲಿಯಲ್ಲಿ ಕೂತು ಕನ್ನಡ ಮಾಡುತ್ತ ಹೋದೆ:
ಹುಬ್ಬಿನಿಂದ ಎರಡು ಬೆರಳು ಮೇಲೆ,
ಪಟ್ಟಿಗಳೆರಡು ಕಿವಿಯ ಕೆಳಗೆ ಸೇರಬೇಕು,
ಗಲ್ಲದ ಕೆಳಗೆ...
ಒಂದು ಮಾತಿನಲ್ಲಿ ಸಿಕ್ಕಿಕೊಂಡೆ.
ಬಿಗಿ ಎಂದರೆ ಹೆಚ್ಚಾಯಿತು,
ಸಡಿಲ ಎಂದರೆ ಕಳಚಿಯೇ ಬಿತ್ತು.
ಹದಿನೆಂಟು ವರ್ಷ ಕನ್ನಡ ಕಲಿಸಿದವಳು
ಒಂದು ಬಕಲ್ಲಿನ ಮುಂದೆ ಬಾಯಿ ತೆರೆದು ಕೂತಿದ್ದೆ.

ಮನ್ವಿತಾ ಸುಮ್ಮನೆ ಬೇಡವೆಂದು ತಲೆಯಾಡಿಸಿದಳು.
ತಲೆ ಬೇಡವೆಂದಿತು.
ಹೆಲ್ಮೆಟ್ ಮಾತ್ರ ಕದಲದೆ ರಸ್ತೆಯನ್ನೇ ನೋಡುತ್ತಿತ್ತು.

ಗೋಡೆಯಾಚೆಯಿಂದ ನಗು. ಐಸುಮ್ಮ, ತಳಂಗರೆಯವರು,
ನಲವತ್ತು ವರ್ಷ ಟೊಪ್ಪಿ ಹೊಲಿದ ಕೈ.
ದುಬಾಯಿಯ ತಲೆ, ಮಸ್ಕತ್ತಿನ ತಲೆ,
ಒಂದನ್ನೂ ಕಂಡವರಲ್ಲ; ಚೀಟಿಯಲ್ಲಿ ಬಂದ ಅಂಕಿಯೇ ಅವರಿಗೆ ಮುಖ.
ಸೊಂಟದಿಂದ ನೂಲುಂಡೆ ತೆಗೆದು
ಮಗಳ ಹಣೆಯ ಮೇಲೆ, ಕಿವಿಯ ಮೇಲೆ, ಹಿಂದಿನ ಉಬ್ಬಿನ ಮೇಲೆ ಹಾಯಿಸಿ
ಹಲ್ಲಿನಿಂದ ಕಡಿದರು.
ಸ್ಕೇಲಿಗೆ ಹಿಡಿದರೆ ಐವತ್ತೆರಡು.
ಡಬ್ಬಿಯಲ್ಲಿ ಐವತ್ತಾರರಿಂದ ಶುರು.
"ಇದು ಪಾಕಮಲ್ಲ ಟೀಚರೇ."

ಪಾಕ!
ನಮಗದು ಬೆಲ್ಲದ್ದು. ಒಲೆಯ ಮುಂದೆ ಬೆವರುತ್ತ
ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ಎಳೆಯುವುದು,
ಎಳೆ ನಿಂತರೆ ಇಳಿಸುವುದು.
ತುಸು ಮೊದಲಾದರೆ ನೀರು. ತುಸು ತಡವಾದರೆ
ಉಂಡೆಯಲ್ಲ, ಕಲ್ಲು.
ಅವರಿಗೆ ಅದೇ ಮಾತು ಅಂಗಿಗೆ, ಬಳೆಗೆ, ಟೊಪ್ಪಿಗೆ.
ಇತ್ತಲೂ ಅತ್ತಲೂ ನೋಡುವುದು ಎರಡು ಬೆರಳಿನಲ್ಲಿ.
ನಾನು ಹುಡುಕುತ್ತಿದ್ದ ಕನ್ನಡ
ಗೋಡೆಯಾಚೆ ಮಲಯಾಳ ಮಾತಾಡುತ್ತಿತ್ತು.

ಮರುದಿನ ಹೊಸ ಬಸ್‌ಸ್ಟಾಂಡಿಗೆ ಹೋಗಿ ಬದಲಿಸಿದೆ.
ಅಂಗಡಿಯವನಿಗೆ ಸರಿಬರಲಿಲ್ಲ: "ಬರುವ ವರ್ಷ ಮತ್ತೆ ಬರುತ್ತೀರಿ, ನೋಡಿ."
ಬರುತ್ತೇನೆ ಎಂದೆ.
ಈ ವರ್ಷ ಬಿದ್ದರೆ ಬೀಳುವುದು ಈ ವರ್ಷದ ತಲೆ.

ಆದರೂ ಕೂರಲಿಲ್ಲ.
ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ ಕಟ್ಟಿದ ಎರಡು ಜಡೆ, ಶಾಲೆಯ ನಿಯಮ.
ನಿಯಮ ಮಾಡಿದವರಲ್ಲಿ ನಾನೂ ಒಬ್ಬಳು.
ಎರಡನ್ನೂ ಬಿಚ್ಚಿದೆ. ಕತ್ತಿನ ಬುಡದಲ್ಲಿ ಒಂದೇ ಜಡೆ,
ರಿಬ್ಬನ್ ಬ್ಯಾಗಿನ ಜೇಬಿಗೆ; ಗೇಟಿನ ಹತ್ತಿರ ಕಟ್ಟಿಕೊಳ್ಳಲಿ,
ಕೇಳಿದರೆ ನನ್ನ ಹೆಸರು ಹೇಳಲಿ.
ಗಲ್ಲದ ಕೆಳಗೆ ಎರಡು ಬೆರಳು ತೂರಿಸಿದೆ. ಉಸಿರು ಬೆಚ್ಚಗಿತ್ತು.
"ಈಗ ಆ ಅನ್ನು."
"ಅ."
"ಅ ಅಲ್ಲ. ಆ. ದೀರ್ಘ."
ಬಾಯಿ ಪೂರ್ತಿ ತೆರೆದಳು. ಹೊಸದಾಗಿ ಹುಟ್ಟಿದ ಕೋರೆಹಲ್ಲು ಕಂಡಿತು.
ನೆತ್ತಿಯ ಮೇಲೆ ಹೆಲ್ಮೆಟ್ ಒಮ್ಮೆ ಒತ್ತಿ ಸುಮ್ಮನಾಯಿತು.
ತಲೆಯಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಹೋಗಿ ಬಂತು.
ಗೋಡೆಯಾಚೆಯಿಂದ ಐಸುಮ್ಮ: "ಪಾಕಾಯಿ."

ಮೀನಿನ ಲಾರಿ ನೀರು ಸುರಿಸಿ ಹೋದ ಇಳಿಜಾರಿನಲ್ಲಿ
ಬ್ರೇಕು ಹಿಡಿದು ಬಿಟ್ಟು, ಬಿಟ್ಟು ಹಿಡಿದು ಹೋದಳು.
ಬೆಲ್ಲು ಹೊಡೆದದ್ದು ಯಾರಿಗೋ, ನನಗಂತೂ ಅಲ್ಲ.

ನೂಲನ್ನು ಎಸೆಯಲಿಲ್ಲ.
ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೇನೆ.
ಫ್ಯಾನು ಹಾಕಿದಾಗ ಅಲುಗುತ್ತದೆ
ಈ ಜೂನಿನ ಮಗಳು,
ಐವತ್ತೆರಡು ಸೆಂಟಿಮೀಟರ್.