ಉಳಿದ ಅರ್ಧ ರೊಟ್ಟಿ

ನನ್ನ ಕೂಸಿನ ತಕ್ಕಡಿಗೆ ಇಪ್ಪತ್ತೇ ಕಿಲೋ ತಾಕತ್ತು.
ಮೂರು ವರ್ಷದ ಚನವೀರನನ್ನು ಕೂರಿಸಿದೆ,
ಮುಳ್ಳು ತುದಿಗೆ ಹೋಗಿ ಬಡಿದು ನಿಂತಿತು.
ಅಪ್ಪ ಸಿದ್ರಾಮ ನಕ್ಕ: "ಬರ್ರಿ ಬಾಯಾರ, ಅಡತಿಗೆ ಹೋಗೂಣು."
ದುಧನಿ ಮಾರ್ಕೆಟ್ಟಿನಲ್ಲಿ ತೊಗರಿ ತೂಗುವ ಕಾಟಾದಿಂದ
ಒಂದು ಚೀಲ ಇಳಿಸಿ ಮಗನನ್ನು ನಿಲ್ಲಿಸಿದ.
ಮೂವತ್ತೆರಡು ಕಿಲೋ, ಮುನ್ನೂರು ಗ್ರಾಂ.
ಹಮಾಲರು ಸುತ್ತ ನಿಂತು ನೋಡಿದರು.
ಹುಡುಗ ಬಗ್ಗಿ, ಕಾಟಾದ ಸಂದಿಯಲ್ಲಿ ಸಿಕ್ಕಿದ್ದ ಕಾಳು
ಒಂದೊಂದೇ ಹೆಕ್ಕಿ ಬಾಯಿಗೆ ಹಾಕಿಕೊಂಡ.

ನೀಲಾಬಾಯಿಯ ರೊಟ್ಟಿಬುಟ್ಟಿ ಟ್ರಂಕಿನೊಳಗೆ,
ಟ್ರಂಕಿಗೆ ಬೀಗ, ಬೀಗದ ಕೈ ತಾಳಿಯ ಜೊತೆ.
ಆದರೂ ಎಮ್ಮೆಗೆ ನೆನೆಸಿಟ್ಟ ಹಿಂಡಿ ಖಾಲಿಯಾಗುತ್ತಿತ್ತು,
ಕೊಣಮಿಗೆಯ ಹಸಿ ಹಿಟ್ಟು,
ಒಮ್ಮೆ ದೇವರ ಮುಂದಿನ ಎಣ್ಣೆಬತ್ತಿ.
ಓಣಿಯವರು ಅಂದರು: ಬಕಾಸುರ.
ಅಜ್ಜಿ ಅಂದಳು: ಹಿಂದಿನ ಜನ್ಮದ ಹಸಿವು.
ದವಾಖಾನೆಯವರು ಅಂದರು: ಕಮ್ಮಿ ತಿನ್ನಿಸು.
ಮೂರರಲ್ಲಿ ಕೊನೆಯದೇ ಅವಳಿಗೆ ಚುಚ್ಚಿದ್ದು.

ನಾನು ಸೊಲ್ಲಾಪುರದಲ್ಲಿ ಹಾರ್ಮೋನು ಅಳೆಯುವವಳು.
ಕೊಬ್ಬೆಂದರೆ ಸುಮ್ಮನೆ ಬಿದ್ದ ಮುದ್ದೆಯಲ್ಲ,
ಅದೂ ಒಂದು ಪೋಸ್ಟಾಫೀಸು;
ದಿನವೂ ತಲೆಗೆ ಕಾಗದ ಹಾಕುತ್ತದೆ:
ಹಗೇವು ತುಂಬಿದೆ, ಇನ್ನು ಸಾಕು.
ಮೆದುಳಿನ ತಳದಲ್ಲಿ ಹುಣಸೆಬೀಜದಷ್ಟು ಜಾಗ,
ಅಲ್ಲೊಬ್ಬ ಕಾರಕೂನ.
ಓದಿದನೆಂದರೆ ಕೈ ತಟ್ಟೆಯಿಂದ ಏಳುತ್ತದೆ.
ಓದಲು ಏನೂ ಬರದಿದ್ದರೆ
ಬರಗಾಲವೆಂದೇ ಬರೆದುಕೊಳ್ಳುತ್ತಾನೆ,
ಎಷ್ಟೇ ತುಂಬಿರಲಿ.

ಚನವೀರನ ರಕ್ತದಲ್ಲಿ ಆ ಕಾಗದ ಇರಲಿಲ್ಲ.
ಎರಡು ಸಲ ಅಳೆದೆ, ಎರಡು ಸಲವೂ ಸೊನ್ನೆ.
ಕಿಟ್ಟೇ ಕೆಟ್ಟಿರಬೇಕೆಂದು ನನ್ನದೇ ರಕ್ತ ಹಾಕಿ ನೋಡಿದೆ.
ನನ್ನದು ಬೇಕಾದಷ್ಟಿತ್ತು,
ಕಂತೆಗಟ್ಟಲೆ ಕಾಗದ, ಒಡೆದು ಓದದ ಕಾರಕೂನ;
ನಡು ಮುಟ್ಟಿಕೊಂಡು ನಕ್ಕೆ.

ಪುಣೆಯಿಂದ ವರದಿ ಬಂತು: ಒಂದು ಅಕ್ಷರ ಬಿದ್ದಿದೆ,
ಅಲ್ಲಿಂದ ಮುಂದಿನ ವಾಕ್ಯವೆಲ್ಲ ತಪ್ಪು.
ಗಡಿಯ ಜನಕ್ಕೆ ಇದೇನು ಹೊಸದು?
ರೇಷನ್ ಕಾರ್ಡಿನಲ್ಲಿ ಅವನು 'ಚವೀರ',
ಕನ್ನಡದಿಂದ ಮರಾಠಿಗೆ ದಾಟುವಾಗ ನಡುವಿನ ನ ಬಿದ್ದು ಹೋಗಿದೆ.
ನೀಲಾಬಾಯಿ ಸಿದ್ರಾಮನಿಗೆ ಅಕ್ಕನ ಮಗಳು.
ಅದನ್ನು ಬಿಡಿಸಿ ಹೇಳುತ್ತ
ತಪ್ಪು ಯಾರದೂ ಅಲ್ಲ ಅಂತ ಮೂರು ಸಲ ಅಂದೆ;
ಮೂರನೇ ಸಲಕ್ಕೆ ಅದು ತಪ್ಪಿನಂತೆಯೇ ಕೇಳಿಸಿತು.

ಔಷಧಕ್ಕೆ ಹನ್ನೊಂದು ತಿಂಗಳು ಅರ್ಜಿ.
ಬರ್ಫದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು
ಪ್ಯಾಸೆಂಜರ್ ಗಾಡಿಯಲ್ಲಿ ತಂದೆ.
ಅಡತಿ ಸಾಹುಕಾರರ ಫ್ರಿಜ್ಜಿನಲ್ಲಿ, ಮಾವಿನ ರಸದ ಪಕ್ಕ
ಅದಕ್ಕೊಂದು ಜಾಗ.
ದಿನಾ ಸಂಜೆ ಒಂದು ಸೂಜಿ; ಚುಚ್ಚುವುದನ್ನು ಅವಳೇ ಕಲಿತಳು,
ಮೊದಲು ಬದನೆಕಾಯಿಗೆ, ಆಮೇಲೆ ಮಗನಿಗೆ.

ಆರನೇ ರಾತ್ರಿ ಫೋನು.
"ಬಾಯಾರ, ಹುಡುಗ ಉಣವಲ್ಲ. ಅರ್ಧ ರೊಟ್ಟಿ ಬಿಟ್ಟಾನ.
ಮೈ ಬಿಸಿ ಇಲ್ಲ, ಹೊಟ್ಟಿ ನೋಯಾಕತ್ತಿಲ್ಲಂತ.
ಏನಾಗೇದ್ರಿ ಅವಗ?"
"ಏನಂದ?"
"ಸಾಕು ಅಂದ."
ಆಮೇಲೆ ಫೋನಿನಲ್ಲಿ ಎಮ್ಮೆ ಮಾತ್ರ ಉಸಿರಾಡಿತು.

ನಮ್ಮ ಭಾಷೆಯಲ್ಲಿ ಬೆಳೆಸುವುದಕ್ಕೂ ಮುಗಿಸುವುದಕ್ಕೂ
ಅದೊಂದೇ ಶಬ್ದ.
ನಾಲ್ಕು ವರ್ಷ ಸಾಕಿದವಳು
ಅದನ್ನು ಅವನ ಬಾಯಿಂದ ಕೇಳಿರಲಿಲ್ಲ.

ಗಾಬರಿಯಾಗಬೇಡ, ಕಾಗದ ಮುಟ್ಟಿದೆ ಅಂದೆ.
ಅವಳ ಚಿಂತೆ ಬೇರೆ.
"ಹೌದ್ರಿ, ಆದ್ರ ಇದನ್ನ ಎಲ್ಲಿ ಇಡ್ಲಿ?"
ಆ ಮನೆಯಲ್ಲಿ ಉಳಿದದ್ದನ್ನು ಇಡಲು
ಒಂದು ಬಟ್ಟಲೂ ಗೊತ್ತಾಗಿರಲಿಲ್ಲ.
ಎಮ್ಮೆಗೆ ಹಾಕು ಅಂದೆ.

ಹಾಕಿರಲಿಲ್ಲ. ಮುಂದಿನ ವಾರ ಹೋದಾಗ
ದೀಪದ ಗೂಡಿನಲ್ಲಿತ್ತು,
ಕಡಕಾಗಿ, ಅಂಚಿಗೆ ಹಲ್ಲಿನ ಗುರುತು.
ಹುಡುಗ ಹೊರಗೆ ಗಟಾರದ ಹತ್ತಿರ
ಮುರಿದ ಸೈಕಲ್ ಗಾಲಿ ಉರುಳಿಸುತ್ತಿದ್ದ,
ಕರೆದರೂ ಬರಲಿಲ್ಲ.